ವಡೆ ತಟ್ಟೆಯಡಿಯ ನಕ್ಷತ್ರ

ಮದರಾಸಿನ ತಿರುವೊಟ್ಟಿಯೂರಿನ ನಮ್ಮ ಹೋಟೆಲಿನ ಅಡುಗೆಮನೆಗೆ ಸುಣ್ಣ ಹೊಡೆಸಲೆಂದು ಮೊನ್ನೆ ಸಾಂಬಾರು ಪುಡಿ ಡಬ್ಬಿಗಳ ಹಲಗೆ ಇಳಿಸಿದೆ. ಅದಕ್ಕೆ ಹಾಸಿದ್ದ ಕಾಗದದಿಂದ ಹಳೇ ಎಣ್ಣೆಯ ಕಮಟು ಮೂಗಿಗೆ ಬಡಿಯಿತು. ಅಂಚಿಗೆ ಸಾಲು ತೂತಿರುವ ಪ್ರಿಂಟರ್ ಕಾಗದ. ಬಿಡಿಸುವ ಮೊದಲೇ ನಮ್ಮ ಮೇಷ್ಟ್ರು ನೆನಪಾದರು...

ತೊಂಬತ್ತರ ದಶಕದ ಕೊನೆ. ನನ್ನ ಎಂ.ಎಸ್ಸಿ. ಪ್ರಾಜೆಕ್ಟಿಗೆ ಅವರೇ ಗೈಡು. ತಲೆಮಾರುಗಳಿಂದ ಮದರಾಸಿನವರು, ಅವರ ಕನ್ನಡದಲ್ಲಿ ಅರ್ಧ ತಮಿಳು. ದಿನಾ ಬೆಳಿಗ್ಗೆ ನಮ್ಮಲ್ಲೇ ಇಡ್ಲಿ. ನನ್ನನ್ನು ಮುಂದೆ ಓದಿಸಲು ಅಪ್ಪಯ್ಯನನ್ನು ಒಪ್ಪಿಸಿದವರೂ ಅವರೇ. ಪ್ರತಿ ಶನಿವಾರ ಕಾಲೇಜಿನ ರದ್ದಿ ಕಾಗದದ ಕಟ್ಟು ತಂದು, "ವಡೆ ಎಣ್ಣೆ ಇಳಿಸೋಕ್ಕೆ ಆಗತ್ತೆ, ಇಟ್ಕೊಳ್ಳಿ" ಎಂದು ಅಪ್ಪಯ್ಯನಿಗೆ ಕೊಡುತ್ತಿದ್ದರು. ಎಂಥಾ ಒಳ್ಳೆಯ ಮನುಷ್ಯ ಅಂದುಕೊಳ್ಳುತ್ತಿದ್ದೆ, ಮಂಕು ನಾನು!

ನನ್ನ ಪ್ರಾಜೆಕ್ಟು ಒಂದು ಜೋಡಿ ನಕ್ಷತ್ರದ್ದು. ಅದರಲ್ಲಿ ಒಂದು ಶ್ವೇತಕುಬ್ಜ, ಅಂದರೆ ಸತ್ತ ನಕ್ಷತ್ರದ ಪುಟ್ಟ ಗಟ್ಟಿ ಉಳಿಕೆ, ಮಹಾ ಅಯಸ್ಕಾಂತ. ಜೊತೆಗಾರನ ಅನಿಲ ಎಳೆದು ತನ್ನ ಧ್ರುವಕ್ಕೆ ಸುರಿದುಕೊಳ್ಳುತ್ತದೆ. ಬೀಳುವ ಅನಿಲ ಕಾದು ಎಕ್ಸ್‌ರೇ ಉಗುಳುತ್ತದೆ. ಉಪಗ್ರಹ ಹಿಡಿದ ಆ ಎಕ್ಸ್‌ರೇಯ ಗ್ರಾಫ್ ನಕ್ಷೆಯಲ್ಲಿ ಒಂದು ಸಣ್ಣ ಉಬ್ಬು ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ದೋಸೆ ಕಾವಲಿ ಮುಂದೆ ಬೆಳೆದವಳಿಗೆ ಥಟ್ಟನೆ ಹೊಳೆಯಿತು: ಬೆಂಕಿ ಎದುರಿಗಿದ್ದರೂ ಹಿಂದಿನ ಸ್ಟೀಲ್ ತಗಡಿನಿಂದ ಬೆನ್ನಿಗೂ ಕಾವು ತಾಗುತ್ತದಲ್ಲ! ಅರ್ಧ ಎಕ್ಸ್‌ರೇ ಕೆಳಗಿಳಿದು, ಶ್ವೇತಕುಬ್ಜದ ಮೈಗೆ ಬಡಿದು ವಾಪಸು ಬರುತ್ತಿದೆ.

ಪ್ರಿಂಟರ್ ಹಾಳೆಯಲ್ಲಿ ಉಬ್ಬಿನ ಸುತ್ತ ಪೆನ್ಸಿಲಿನಲ್ಲಿ ಸುತ್ತು ಹಾಕಿ, "ಸರ್, ಇದು ಪ್ರತಿಫಲನ" ಎಂದೆ. ಹಾಳೆಯನ್ನು ತಾವೇ ಇಟ್ಟುಕೊಂಡರು. ವಾರದ ಮೇಲೆ, "ಅದು ಮಿಷಿನ್ ತಪ್ಪುಮ್ಮಾ, ತೆಗೆದುಬಿಡು" ಎಂದರು. ತೆಗೆದುಬಿಟ್ಟೆ.

ಮುಂದಿನ ವರ್ಷ ಅದೇ ಉಬ್ಬು, ಅದೇ ಪ್ರತಿಫಲನ, ಅವರೊಬ್ಬರ ಹೆಸರಿನಲ್ಲಿ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿ ಬಂತು. ಅದರಲ್ಲಿ ನನ್ನ ಹೆಸರಿದ್ದಿದ್ದರೆ ಪಿಎಚ್.ಡಿ. ಸೀಟು ಸಿಗುತ್ತಿತ್ತು. ನಮ್ಮ ಹೋಟೆಲಿನಲ್ಲೇ ತಿಂಡಿಗೆ ಕೂತಿದ್ದವರ ಬಳಿಗೆ ಕೇಳಲು ಓಡಿದೆ. ಇಡ್ಲಿ ಮುರಿಯುತ್ತಲೇ ಕೇಳಿದರು: "ನಿನ್ನ ರಿಪೋರ್ಟಲ್ಲಿ ಅದು ಎಲ್ಲಮ್ಮಾ ಇದೆ?"

ಇರಲಿಲ್ಲ. ನನ್ನ ನಕ್ಷೆಗಳೆಲ್ಲ ಶನಿವಾರದ ಕಟ್ಟುಗಳಲ್ಲಿ ಬಂದು, ಅಪ್ಪಯ್ಯನ ಕೈಯಿಂದಲೇ ವಡೆಯ ಕೆಳಗೆ ಹೋಗಿದ್ದವು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇನ್ನೇನು? ಅಪ್ಪಯ್ಯ ಮಾತ್ರ, "ಮೇಷ್ಟ್ರು ಹಾಂಗೆಲ್ಲ ಮಾಡುವವರಲ್ಲ ಮಗಾ, ನಿಂದೇ ಎಂತದೋ ತಪ್ಪಿರಬೇಕು" ಎಂದರು. ಬರಬರುತ್ತಾ ನನಗೂ ಹಾಗೇ ಅನ್ನಿಸತೊಡಗಿತು... ಓದು ಬಿಟ್ಟು ಗಲ್ಲಾದಲ್ಲಿ ಕೂತೆ.

ಮೊನ್ನೆ ಆ ಕಾಗದ ಬಿಡಿಸಿದರೆ, ನನ್ನದೇ ಪೆನ್ಸಿಲ್ ಸುತ್ತು. ಪಕ್ಕದಲ್ಲಿ ಮೇಷ್ಟ್ರ ಕೆಂಪು ಶಾಯಿ, ಇಂಗ್ಲಿಷಿನಲ್ಲಿ: ಅವಳು ಹೇಳಿದ್ದೇ ಸರಿ.

ಅಪ್ಪಯ್ಯ ಹೋಗಿ ವರ್ಷಗಳಾದವು, ಮೇಷ್ಟ್ರೂ ಇಲ್ಲ. ಇನ್ನು ಯಾರಿಗೆ ತೋರಿಸಲಿ? ಆ ಒಂದು ಮಾತು ಕೇಳಲು ನಾನು ಎಷ್ಟು ವರ್ಷ ಕಾದೆ... ರದ್ದಿ ಕಾಗದಕ್ಕೆ ಹೇಳಿದರು, ನನಗೆ ಹೇಳಲಿಲ್ಲ.