ಟಗರು ಸೈಕಲ್ಲಿನ ಮೇಲೆ ಹೊರಿಸಿದ ಸುಳ್ಳು

ಕಳೆದ ಮಂಗಳವಾರ ಆಳಂದದ ಒಂದು ಹೊಲಿಗೆ ಮಷೀನಿನ ಅಂಗಡಿಗೆ ಹೋಗಿದ್ದೆ. ಹೆಂಡತಿಯ ಮಷೀನಿನ ಬೆಲ್ಟು ಹರಿದಿತ್ತು, ಮತ್ತೆಲ್ಲೂ ಸಿಗಲಿಲ್ಲ. ಅಂಗಡಿಯವರು ಬೆಲ್ಟು ಹುಡುಕಲು ಒಳಗೆ ಹೋದರು. ನಾನು ಸುಮ್ಮನೆ ತಲೆ ಎತ್ತಿ ನೋಡಿದೆ.

ತೊಲೆಗೆ ಟಗರು ಜೋತುಬಿದ್ದಿತ್ತು.

ಗಾಬರಿಯಾಗಬೇಡಿ. ಪ್ರಾಣಿಯಲ್ಲ, ಸೈಕಲ್ಲು. ಮೈತುಂಬ ಗೋಣಿತಟ್ಟು ಸುತ್ತಿದ್ದರು, ಹ್ಯಾಂಡಲ್ ಮಾತ್ರ ಹೊರಗೆ ಕಾಣುತ್ತಿತ್ತು. ಟಗರಿನ ಕೊಂಬಿನಂತೆ ಕೆಳಕ್ಕೆ ಸುರುಳಿ ತಿರುಗಿದ ಹ್ಯಾಂಡಲ್. ಇಪ್ಪತ್ತು ವರ್ಷದ ಹಿಂದೆ ನಮ್ಮ ಅಫಜಲಪುರ, ಆಳಂದ, ಜೇವರ್ಗಿ ಮೂರು ತಾಲೂಕಿನ ಮಂದಿ ಅದಕ್ಕೆ ಇಟ್ಟ ಹೆಸರೇ ಟಗರು ಸೈಕಲ್. ಕಂಪನಿ ಇಟ್ಟ ಇಂಗ್ಲಿಷ್ ಹೆಸರೂ ಒಂದಿತ್ತು. (ಅದು ನಮ್ಮ ನಾಲಿಗೆಯಲ್ಲಿ ಹೊರಳಲಿಲ್ಲ, ಬಿಡಿ.)

ನಾನು ಕಣ್ಣು ಕೀಳಲಿಲ್ಲ. ಯಾಕೆಂದರೆ ಆ ಸೈಕಲ್ಲಿನ ಹೆಸರು ಕೆಡಿಸಿದವನು ನಾನು.

ನಿಮಗೆ ಗೊತ್ತೇ ಇದೆ. ವಾರ ವಾರ ಈ ಪೇಪರಿನ ಅಂಕಣದಲ್ಲಿ ಕೂತು ಮಂದಿಯ ತಪ್ಪು ಎತ್ತಿ ಆಡುವುದು ನನ್ನ ಚಟ. ಬಸ್ ಸ್ಟ್ಯಾಂಡಿನಲ್ಲಿ ನೀರು ಬಾರದ ನಲ್ಲಿ, ಲಗ್ನದಲ್ಲಿ ಎರಡನೇ ಪಂಕ್ತಿಗೆ ಖಾಲಿಯಾಗುವ ಹುಗ್ಗಿ, ಎಲ್ಲದಕ್ಕೂ ಯಾರನ್ನಾದರೂ ಬೈದಿದ್ದೇನೆ. ಈ ವಾರ ನನ್ನದೇ ಪಾಳಿ.

ಆಗ ಅಫಜಲಪುರದಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇತ್ತು. ಮೆಟ್ರಿಕ್ ಪಾಸಾಗಿದ್ದೆ, ಮುಂದೆ ಓದಲಿಲ್ಲ. ಆಳಂದದಲ್ಲಿ ಮಕಬೂಲ್ ಸಾಹೇಬರದು ಹೊಸ ಸೈಕಲ್ ಮಾರುವ ಅಂಗಡಿ. (ಈಗಿನ ಹೊಲಿಗೆ ಮಷೀನಿನ ಅಂಗಡಿ ಅದೇ. ಆ ರೇಸಿನ ಮೇಲೆ ನಾನು ಅದರೊಳಗೆ ಕಾಲಿಟ್ಟಿರಲಿಲ್ಲ.) ಎಪ್ಪತ್ತರ ದಶಕದ ನಡುವೆ ಒಂದು ದಿನ ಅವರು ಸೊಲ್ಲಾಪುರದಿಂದ ಬಸ್ಸಿನ ಟಾಪಿನ ಮೇಲೆ ಆರು ರೇಸ್ ಸೈಕಲ್ ಹಾಕಿಕೊಂಡು ಬಂದರು. ಮೂರು ತಾಲೂಕಿನ ರಿಪೇರಿಯವರನ್ನೆಲ್ಲ ಕರೆಸಿ, ಚಹಾ ಕುಡಿಸಿ, ತೋರಿಸಿದರು.

ನಮಗೆ ಗೊತ್ತಿದ್ದದ್ದು ಕರಿ ಸೈಕಲ್ಲು. ಅದು ಎಮ್ಮೆಯಂಥ ಜೀವ. ಒಂದು ಚೀಲ ಜೋಳ, ಹಾಲಿನ ಕ್ಯಾನು, ಹಿಂದೆ ಹೆಂಡತಿ, ಮುಂದೆ ಕೂಸು, ಏನು ಹೇರಿದರೂ ಸುಮ್ಮನೆ ನಡೆಯುತ್ತದೆ. ಇದು ಬೇರೆ ಜಾತಿ. ಸಾಹೇಬರು ಸೀಟಿನ ಕೆಳಗೆ ಎರಡು ಬೆರಳು ಹಾಕಿ ಹೂವಿನ ಬುಟ್ಟಿಯಂತೆ ಎತ್ತಿಬಿಟ್ಟರು. ಟೈರು ಸಣ್ಣ. ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ, ಚೈನಿಗೆ ಕವರಿಲ್ಲ, ಕ್ಯಾರಿಯರಂತೂ ಇಲ್ಲವೇ ಇಲ್ಲ.

"ಇಷ್ಟು ಹಗುರ ಹ್ಯಾಂಗ್ರಿ?" ಅಂತ ನಾನೇ ಕೇಳಿದೆ.

"ಪೈಪು ತೆಳು ಅದರಿ. ಖರೆ ಉಕ್ಕು, ಆದ್ರ ತೆಳು. ಸಣ್ಣ ಉರಿ ಮ್ಯಾಲ ಪಿತ್ತಾಳಿ ಬೆಸಗಿಲೆ ಜೋಡಿಸ್ಯಾರ. ಒಂದ ಮಾತು ನೆನಪಿಡ್ರಿ. ಇದಕ್ಕ ಕರೆಂಟ್ ವೆಲ್ಡಿಂಗ್ ಮಾಡಬ್ಯಾಡ್ರಿ. ಪೈಪು ಸುಟ್ಟು ಕಡಕ್ ಆಗ್ತದ, ಆಮ್ಯಾಲ ಹಪ್ಪಳದಂಗ ಮುರೀತದ. ಏನರೆ ಕೂಡಿಸೋದು ಇದ್ರ ಕ್ಲಾಂಪ್ ಹಾಕ್ರಿ. ನಾ ತರಿಸಿ ಕೊಡ್ತೇನಿ."

ಎಲ್ಲರಿಗಿಂತ ಜಾಸ್ತಿ ತಲೆ ಅಲ್ಲಾಡಿಸಿದವನು ನಾನು.

ಆರೂ ಮಾರಿಹೋದವು. ಸೊನ್ನಕ್ಕೊಂದು, ಹವಳಗಾಕ್ಕೊಂದು, ಗೊಬ್ಬೂರಕ್ಕೊಂದು, ಆಳಂದದಲ್ಲೇ ಎರಡು. ಆರನೆಯದು ನನ್ನ ದೋಸ್ತ ಮಲ್ಲಣ್ಣನದು. ಅವನ ಊರು ಜೇವರ್ಗಿ, ನೌಕರಿ ಅಫಜಲಪುರದ ಒಂದು ದವಾಖಾನೆಯಲ್ಲಿ ಕಂಪೌಂಡರ್.

ಹಗುರವಾದದ್ದನ್ನು ಹಗುರವಾಗಿ ಇರಲು ನಾವು ಬಿಟ್ಟೇವೇ? ಮೊದಲ ವಾರ ಬೆಲ್ಲು ಬಂತು. ಎರಡನೇ ವಾರ ಡೈನಮೊ. ಹವಳಗಾದವನು ಮಡ್‌ಗಾರ್ಡು ಹಾಕಿಸಿದ, ಅದರ ಹಿಂದೆ ರಬ್ಬರಿನ ಪಟ್ಟಿ, ಪಟ್ಟಿಯ ಮೇಲೆ ತನ್ನ ಹೆಸರು, ಹೆಸರಿನ ಕೆಳಗೆ ಅಪ್ಪನ ಹೆಸರು. ಸೊನ್ನದವನು ಹ್ಯಾಂಡಲನ್ನೇ ಉಲ್ಟಾ ಮಾಡಿಸಿದ. "ನಾ ಗೌಡರ ಮುಂದ ಬಗ್ಗಿಲ್ಲ, ಸೈಕಲ್ ಮ್ಯಾಲ ಯಾಕ ಬಗ್ಗಲಿ?" ಅಂದ. ಟಗರಿನ ಕೊಂಬು ಆಕಾಶಕ್ಕೆ ಎದ್ದು ನಿಂತವು. ಇದೆಲ್ಲ ನಟ್ಟು ಬೋಲ್ಟಿನ ಕೆಲಸ, ಸೈಕಲ್ಲಿಗೆ ಏನೂ ಆಗಲಿಲ್ಲ. ನೋಡಲು ಮದುಮಗನ ತಲೆಗೆ ಎರಡು ಪಟಗ ಸುತ್ತಿದಂತೆ ಇತ್ತು, ಅಷ್ಟೆ.

ಮಲ್ಲಣ್ಣನಿಗೆ ಹೊಸದಾಗಿ ಲಗ್ನವಾಗಿತ್ತು.

"ಕ್ಯಾರಿಯರ್ ಕೂಡಿಸೋ," ಅಂದ.

"ಇದು ರೇಸ್ ಸೈಕಲ್ ಅದನೋ ಮಲ್ಯಾ."

"ರೇಸ್ ವರ್ಷಕ್ಕೊಮ್ಮೆ ಬರ್ತದ. ಹೆಂಡ್ತಿ ದಿನಾ ಅದಾಳ. ಆಕಿನ್ನ ಎಲ್ಲಿ ಕೂಡಿಸ್ಲಿ, ಕೊಂಬಿನ ಮ್ಯಾಲ?"

ಕ್ಲಾಂಪು ಬರಲು ಎಂಟು ದಿನ ತಡೆಯಬೇಕಿತ್ತು. ಎಂಟೇ ದಿನ. ಆದರೆ ಅದೇ ವಾರ ನನ್ನ ಅಂಗಡಿಗೆ ಹೊಸ ವೆಲ್ಡಿಂಗ್ ಮಷೀನು ಬಂದಿತ್ತು. ಊರಲ್ಲಿ ಮತ್ತಾರ ಹತ್ತಿರವೂ ಇರಲಿಲ್ಲ. ಸಾಹೇಬರ ಮಾತು ನೆನಪಿತ್ತು, ನೆನಪಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಸೈಕಲ್ ಮಾರುವವರಿಗೆ ವೆಲ್ಡಿಂಗಿನ ಬಗ್ಗೆ ಏನು ಗೊತ್ತು ಅಂದುಕೊಂಡೆ. ಸೀಟಿನ ಕೆಳಗಿಂದ ಹಿಂದಿನ ಗಾಲಿಗೆ ಇಳಿಯುವ ಎರಡು ಸಣ್ಣ ಪೈಪುಗಳಿಗೆ ಕಬ್ಬಿಣದ ತುಂಡು ಹಚ್ಚಿ ವೆಲ್ಡಿಂಗ್ ಮಾಡಿದೆ. ಕಾನಸಿನಿಂದ, ಅಂದರೆ ಅರದಿಂದ ಉಜ್ಜಿ, ಅದೇ ಬಣ್ಣ ಬಳಿದು, ಮೇಲೆ ಕ್ಯಾರಿಯರನ್ನು ಬೋಲ್ಟು ಹಾಕಿ ಬಿಗಿದೆ. ಹುಟ್ಟುತ್ತಲೇ ಇದ್ದ ಹಾಗೆ ಕಂಡಿತು. ಮಲ್ಲಣ್ಣ ನನ್ನ ಬೆನ್ನು ಚಪ್ಪರಿಸಿದ.

ನಾಲ್ಕೈದು ತಿಂಗಳು ಅವನ ಹೆಂಡತಿ ಆರಾಮಾಗಿ ಕೂತು ತಿರುಗಿದಳು.

ನಾಗರ ಪಂಚಮಿಯ ಮರುದಿನ ನಮ್ಮ ಕಡೆ ಆಟಗಳ ದಿನ. ಹೆಣ್ಣುಮಕ್ಕಳು ಜೋಕಾಲಿ ಆಡಿದರೆ ಗಂಡಸರು ಕಲ್ಲು ಎತ್ತುತ್ತಾರೆ, ಓಡುತ್ತಾರೆ. ಆ ವರ್ಷ ಸೈಕಲ್ ರೇಸ್ ಇಟ್ಟಿದ್ದರು. ಅಫಜಲಪುರದಿಂದ ಹವಳಗಾ ಕ್ರಾಸಿಗೆ ಹೋಗಿ ತಿರುಗಿ ಬರುವುದು. ಮಲ್ಲಣ್ಣ ಕ್ಯಾರಿಯರ್ ಬಿಚ್ಚಿಟ್ಟು ಹೊರಟ. ನಾನು ಊರ ಹೊರಗಿನ ಸೇತುವೆಯ ಮೇಲೆ ಟವೆಲ್ ಬೀಸುತ್ತ ನಿಂತಿದ್ದೆ.

ತಿರುಗಿ ಬರುವಾಗ ಮಲ್ಲಣ್ಣ ಎಲ್ಲರಿಗಿಂತ ಮುಂದಿದ್ದ. ಸೀಟು ಬಿಟ್ಟೆದ್ದು ತುಳಿಯುತ್ತಿದ್ದ. ನನ್ನ ಮುಂದೆ ಹತ್ತು ಹೆಜ್ಜೆಯ ದೂರದಲ್ಲಿ ಟಕ್ ಅಂತ ಸಪ್ಪಳವಾಯಿತು. ಒಣ ತೊಗರಿಕಟ್ಟಿಗೆ ಮುರಿದ ಹಾಗೆ. ಹಿಂದಿನ ಗಾಲಿ ವಾಲಿತು. ಮಲ್ಲಣ್ಣ ಹಾರಿ ಬಿದ್ದ. ಹೆಗಲಿನ ಎಲುಬು ಮುರಿಯಿತು.

ಮೊದಲು ಓಡಿದವನು ನಾನು. ಖರೆ ಹೇಳುತ್ತೇನೆ, ಮೊದಲು ಮಲ್ಲಣ್ಣನನ್ನು ನೋಡಲಿಲ್ಲ. ಪೈಪು ನೋಡಿದೆ.

ನನ್ನ ವೆಲ್ಡಿಂಗಿನ ಪಕ್ಕಕ್ಕೇ ಮುರಿದಿತ್ತು. ಸಾಹೇಬರು ಹೇಳಿದ್ದರಲ್ಲ, ಹಪ್ಪಳದಂತೆ.

ಮಂದಿ ಕೂಡಿತು. "ಏನಾತಲೇ, ಏನಾತು?" ಎಲ್ಲರೂ ನನ್ನ ಮುಖ ನೋಡಿದರು. ಸೈಕಲ್ ಬಲ್ಲವನು ನಾನೊಬ್ಬನೇ ಅಲ್ಲವೆ? ನನ್ನ ಬಾಯಿ ತಾನಾಗಿ ತೆರೆಯಿತು.

"ಕಂಪನಿ ಮೋಸ ಮಾಡ್ಯಾದ. ಪೈಪು ನೋಡ್ರಿ, ಕಾಗದದಂಗ ಅದ."

ಒಬ್ಬೊಬ್ಬರೇ ಬಂದು ಮುರಿದ ಪೈಪಿನ ಅಂಚು ಮುಟ್ಟಿ ನೋಡಿದರು. ಖರೆಯೇ, ಕಾಗದದಷ್ಟು ತೆಳು. ಅವರ ಮನೆಯ ಕರಿ ಸೈಕಲ್ಲಿನ ಪೈಪು ಇದರ ಎರಡು ಪಟ್ಟು ದಪ್ಪ. ಮತ್ತೇನು ಸಾಕ್ಷಿ ಬೇಕು? ತೆಳುವಾಗಿದ್ದರಿಂದಲೇ ಅದು ಹಾರುತ್ತಿತ್ತು ಎಂದು ಹೇಳಬೇಕಾದವನು ನಾನು. ಹೇಳಲಿಲ್ಲ. ಅಂದೇ ಸಂಜೆ ಮುರಿದ ಫ್ರೇಮನ್ನು ತುಂಡು ಮಾಡಿ ಗುಜರಿಗೆ ಹಾಕಿದೆ.

ನನ್ನ ಮಾತಿಗೆ ಗಾಲಿ ಬೇಕಾಗಲಿಲ್ಲ. ರೇಸಿಗೆ ಬಂದವರು ಗೊಬ್ಬೂರಕ್ಕೆ ಒಯ್ದರು, ಬಸ್ಸಿನವರು ಆಳಂದಕ್ಕೆ ಒಯ್ದರು, ಮಲ್ಲಣ್ಣನ ಬೀಗರು ಜೇವರ್ಗಿಗೆ ಒಯ್ದರು. ಸುಗ್ಗಿ ಬರುವಷ್ಟರಲ್ಲಿ ಮೂರೂ ತಾಲೂಕಿನಲ್ಲಿ ಒಂದೇ ಮಾತು. ಟಗರು ಸೈಕಲ್ ಅಂದ್ರ ಮುರಿಯೋ ಸೈಕಲ್.

ಮಲ್ಲಣ್ಣನಿಗೆ ಹತ್ತು ದಿನದಲ್ಲೇ ನಿಜ ಹೇಳಿದೆ. ಅವನು ನಕ್ಕ. ನಗುತ್ತ ಹೆಗಲು ಹಿಡಿದುಕೊಂಡ. "ಕ್ಯಾರಿಯರ್ ಬೇಕಂತ ಹಟ ಹಿಡದಾಂವ ನಾನು, ನನಗೇನು ಹೇಳ್ತಿ? ಸಾಹೇಬರಿಗೆ ಹೇಳೋ."

ನಾಳೆ ಹೇಳುತ್ತೇನೆ ಅಂದೆ. ಆ ನಾಳೆ ಬರಲು ಇಪ್ಪತ್ತು ವರ್ಷ ಹಿಡಿಯಿತು.

ಅಷ್ಟರಲ್ಲಿ ಮಕಬೂಲ್ ಸಾಹೇಬರು ಏನು ಮಾಡಿದರು ಗೊತ್ತೇ? ಯಾರೂ ಕೇಳುವ ಮೊದಲೇ ಊರೂರಿಗೆ ಹೋದರು. ಸೊನ್ನ, ಹವಳಗಾ, ಗೊಬ್ಬೂರ. "ನಾ ಕೊಟ್ಟ ಮಾಲು ಖರಾಬ್ ಅದ, ತಿರುಗಿ ಕೊಡ್ರಿ" ಅಂತ ಐದೂ ಸೈಕಲ್ ವಾಪಸ್ ತಂದರು. ಬದಲಿಗೆ ಹೊಸ ಕರಿ ಸೈಕಲ್ ಕೊಟ್ಟರು. ಆಮೇಲೆ ಸೈಕಲ್ ವ್ಯಾಪಾರವನ್ನೇ ಬಿಟ್ಟು ಹೊಲಿಗೆ ಮಷೀನು ತಂದರು. ಚೆನ್ನಾಗಿಯೇ ನಡೆಯಿತು. "ಹೊಲಿಗಿ ಮಷೀನ್ ಮ್ಯಾಲಿಂದ ಇನ್ನಾ ಯಾರೂ ಬಿದ್ದಿಲ್ಲ" ಅಂತ ಚೇಷ್ಟೆ ಮಾಡುತ್ತಿದ್ದರಂತೆ. ಆ ಐದನ್ನು ಕಂಪನಿಗೆ ವಾಪಸ್ ಕಳಿಸಿರಬೇಕು ಎಂದುಕೊಂಡು ನಾನು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ.

ಮಂಗಳವಾರ ತೊಲೆಯ ಕೆಳಗೆ ನಿಂತಾಗ ಆ ಸಮಾಧಾನ ಹೋಯಿತು.

ಸಾಹೇಬರು ಬೆಲ್ಟು ಹಿಡಿದು ಹೊರಗೆ ಬಂದರು. ಗಡ್ಡ ಪೂರ್ತಿ ಬಿಳಿ. "ಏನ್ರೀ ಅಫಜಲಪುರದವರೆ, ಮ್ಯಾಲೇನು ನೋಡಾಕತ್ತೀರಿ?"

"ಇದನ್ನ ಇನ್ನಾ ಇಟಗೊಂಡೀರಲ್ರಿ?"

"ಒಂದ ಉಳದದ. ಐದು ತಂದಿದ್ದೆ. ನಾಕು ನಾನ ಕೊಯ್ದೆ, ಹ್ಯಾಕ್ಸಾ ಬ್ಲೇಡಿಲೆ. ಇಡೀ ಸೈಕಲ್ ಗುಜರಿಗೆ ಕೊಟ್ರ ಯಾರರೆ ರಿಪೇರಿ ಮಾಡ್ಕೊಂಡು ಹತ್ತತಿದ್ರು. ಮತ್ತ ಯಾರದರೆ ಮಗ ಬೀಳತಿದ್ದ. ಐದನೇದು ಕೊಯ್ಯಾಕ ಕೈ ಬರಲಿಲ್ಲ. ಮ್ಯಾಲ ಕಟ್ಟಿಬಿಟ್ಟೆ. ನನ್ನ ಮಗ ಎಷ್ಟು ಅತ್ತಾನ ಇದರ ಸಲುವಾಗಿ. ಮುಟ್ಟಗೊಡಲಿಲ್ಲ."

ನಾನು ಸ್ಟೂಲಿನ ಮೇಲೆ ಕೂತೆ. ನಿಂತು ಹೇಳುವ ಮಾತಾಗಿರಲಿಲ್ಲ.

"ಸಾಹೇಬರೆ, ಸೈಕಲ್ ಚಲೋ ಇತ್ತು. ನಾ ಕರೆಂಟ್ ವೆಲ್ಡಿಂಗ್ ಮಾಡಿದ್ದೆ. ಅಲ್ಲೇ ಮುರೀತು."

ಅವರು ಬೆಲ್ಟನ್ನು ಮೇಜಿನ ಮೇಲಿಟ್ಟರು. ಆಮೇಲೆ ಒಂದೊಂದಾಗಿ ಕೇಳಿದರು.

"ಅಂದ್ರ ಸೊನ್ನದ್ದು ಚಲೋ ಇತ್ತು?"

"ಹೌದ್ರಿ."

"ಹವಳಗಾದ್ದು?"

"ಹೌದ್ರಿ."

"ಗೊಬ್ಬೂರದ್ದೂ?"

"ಹೌದ್ರಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಏಣಿ ಹಿಡಿ" ಅಂದರು. (ಇಷ್ಟು ವರ್ಷ ರೀ ಹಚ್ಚಿ ಮಾತಾಡಿದವರು ಅಂದು ಮೊದಲ ಸಲ ಬಿಟ್ಟರು. ನನಗೆ ಅದು ತಕ್ಕದ್ದೇ.)

ಇಬ್ಬರೂ ಸೇರಿ ಇಳಿಸಿದೆವು. ಗೋಣಿತಟ್ಟು ಬಿಚ್ಚಿದರೆ ಟೈರು ಪುಡಿಪುಡಿಯಾಗಿ ಉದುರಿತು. ಆದರೆ ಉಕ್ಕಿನ ಮೇಲೆ ಒಂದು ಚುಕ್ಕೆ ತುಕ್ಕಿರಲಿಲ್ಲ. ವರ್ಷಕ್ಕೊಮ್ಮೆ ಇಳಿಸಿ ಎಣ್ಣೆ ಹಚ್ಚಿ ಮತ್ತೆ ಕಟ್ಟುತ್ತಿದ್ದರಂತೆ. ಮುರಿಯುತ್ತದೆ ಎಂದು ನಂಬಿದ ಸೈಕಲ್ಲಿಗೆ ಇಷ್ಟು ವರ್ಷ ಎಣ್ಣೆ ಯಾಕೆ?

ಗುರುವಾರ ಸೊಲ್ಲಾಪುರಕ್ಕೆ ಹೋಗಿ ನಾಲ್ಕು ಅಂಗಡಿ ತಿರುಗಿ ಸಣ್ಣ ಟೈರು ತಂದೆ. ಶುಕ್ರವಾರ ಆಳಂದದಲ್ಲಿ ನೆಲದ ಮೇಲೆ ಕೂತು ನಾನೇ ಹಾಕಿದೆ. ಸಾಹೇಬರು ಪರೀಕ್ಷೆ ಕಾಯುವ ಮಾಸ್ತರರಂತೆ ತಲೆಯ ಮೇಲೆಯೇ ನಿಂತಿದ್ದರು. "ಸರಿ, ಏಳು. ನಟ್ಟು ನಾನ ಬಿಗೀತೇನಿ. ನಿನ್ನ ಕೈ ಮ್ಯಾಲ ನನಗ ಇನ್ನಾ ಭರೋಸಾ ಬಂದಿಲ್ಲ."

ನಮಾಜು ಮುಗಿಸಿ ಬಂದು ಪೈಜಾಮಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಗಿಸಿಕೊಂಡರು. ಹತ್ತಿದರು. ಬಾಗಿಲಲ್ಲಿ ಅವರ ಮಗ ಕೈಕಟ್ಟಿ ನಿಂತಿದ್ದ. ಅವನಿಗೇ ಈಗ ಮೂವತ್ತು ದಾಟಿದೆ.

"ನಂಗ ಮುಟ್ಟಗೊಡಲಿಲ್ಲ, ಈಗ ತಾವ ಹೊಂಟಾರ ನೋಡ್ರಿ," ಅಂದ ನನಗೆ.

"ನಿಂದು ಆಮ್ಯಾಲ," ಅಂತ ಸಾಹೇಬರು ತಿರುಗಿ ನೋಡದೆ ಹೇಳಿ ಹೋದರು.

ಬಸ್ ಸ್ಟ್ಯಾಂಡಿನ ತನಕ ಹೋಗಿ ಬಂದರು. ಹಣ್ಣಿನ ಗಾಡಿಯವರು, ಜೀಪಿನವರು, ಎಲ್ಲರೂ ದಾರಿ ಬಿಟ್ಟು ನಿಂತರು. ಇಳಿದಾಗ ಏದುಸಿರು ಬಿಡುತ್ತಿದ್ದರು. ಮುಖದ ತುಂಬ ನಗು. "ಹಗುರ ಅದ," ಅಂದರು. "ನಾ ತಿಳಿದಿದ್ದಕ್ಕಿಂತ ಹಗುರ ಅದ."

ಮಗ ಆಗಲೇ ಹ್ಯಾಂಡಲ್ ಹಿಡಿದಿದ್ದ. ಅವನು ಹೋದವನು ಬೇಗ ತಿರುಗಿ ಬರಲಿಲ್ಲ. ನನಗೆ ಮಾತ್ರ ಎಷ್ಟೋ ವರ್ಷದ ಮೇಲೆ ಜೋರಾಗಿ ಹಸಿವಾಯಿತು. ಅವರ ಮನೆಯಲ್ಲೇ ಊಟ ಮಾಡಿದೆ, ಎರಡು ಸಲ ನೀಡಿಸಿಕೊಂಡು.

ಕೈ ತೊಳೆಯುವಾಗ ಕೇಳಿದೆ, "ಮಾಫ್ ಮಾಡೀರೇನ್ರಿ?"

"ನನಗೊಬ್ಬನಿಗೆ ಕೇಳಿದ್ರ ಹ್ಯಾಂಗಾಗ್ತದ? ಸುಳ್ಳು ನನ್ನ ಕಿವ್ಯಾಗ ಹೇಳಿದ್ದೇನು? ಮೂರು ತಾಲೂಕಿಗೆ ಹೇಳಿದಿ. ಖರೇನೂ ಮೂರು ತಾಲೂಕಿಗೆ ಹೇಳು."

"ಪೇಪರಿನ್ಯಾಗ ಬರೀತೇನ್ರಿ. ಆಳಂದಕ್ಕೂ ಬರ್ತದ, ಜೇವರ್ಗಿಗೂ ಹೋಗ್ತದ."

ಸಾಹೇಬರು ಟವೆಲ್ ಕೊಡುತ್ತ ಸ್ವಲ್ಪ ಯೋಚಿಸಿದರು. "ಬರಿ. ಆದ್ರ ಅವತ್ತು ಸೇತುವಿ ಮ್ಯಾಲ ನಿನ್ನ ಮಾತು ಕೇಳಿದವರೊಳಗ ಓದಾಕ ಬರೋರು ಎಷ್ಟು ಮಂದಿ ಇದ್ರು?"

ಉತ್ತರ ಬಹುಶಃ ನಿಮ್ಮ ಹತ್ತಿರ ಇದೆ. ನಿಮ್ಮ ಮನೆಯ ಕಟ್ಟೆಯ ಮೇಲೆ, ಓದಲು ಬಾರದ, ಆದರೆ ಟಗರು ಸೈಕಲ್ ನೆನಪಿರುವ ಹಿರಿಯರು ಯಾರಾದರೂ ಕೂತಿದ್ದರೆ, ಇದನ್ನು ಅವರ ಮುಂದೆ ಒಂದು ಸಲ ದನಿ ಎತ್ತಿ ಓದುತ್ತೀರಾ?