ಗಂಟೆ ನಿಂತ ಮೇಲಿನ ಬಾಗಿಲು

ಶಾಸನಸಭೆಯ ಬಾಗಿಲು ಕಾಯುವ ಅವನನ್ನು ಎಲ್ಲರೂ ಬಾಗಿಲಣ್ಣ ಎಂದು ಕರೆದು ಕರೆದು, ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೂ ಮರೆತುಹೋಗಿತ್ತು. ಕೆಲಸ ಇಷ್ಟೇ: ಮತದಾನದ ಗಂಟೆ ಹೊಡೆಯುವಷ್ಟು ಹೊತ್ತು ಸದಸ್ಯರನ್ನು ಒಳಗೆ ಬಿಡುವುದು, ಗಂಟೆ ನಿಂತ ಕೂಡಲೇ ಚಿಲಕ ಜಡಿಯುವುದು. ಆಮೇಲೆ ದೇವರೇ ಬಂದು ಬಡಿದರೂ ತೆಗೆಯುವಂತಿಲ್ಲ. ಒಮ್ಮೆ ಮಂತ್ರಿಯೊಬ್ಬರ ಕೋಟು ಸಿಕ್ಕಿಕೊಂಡಾಗಲೂ ಅವನು ತೆಗೆದವನಲ್ಲ. ಅರ್ಧ ಕೋಟು ಒಳಗೆ ಮತ ಹಾಕಿತು, ಉಳಿದರ್ಧ ಹೊರಗೆ ತಟಸ್ಥವಾಗಿತ್ತು.

ಮನೆಯಲ್ಲಿ ಅವನ ಅಕ್ಕ ಹಾಸಿಗೆ ಹಿಡಿದಿದ್ದಳು. ರೋಗ ಮೂಳೆಗೆ ಇಳಿದು, ಹೊದಿಕೆಯ ಭಾರವನ್ನೂ ತಾಳಲಾರಳು. ವಾಸಿಯಾಗದ ರೋಗಿ ತಾನೇ ಬೇಡಿದರೆ ವೈದ್ಯರು ಸಾವಿಗೆ ನೆರವಾಗಬಹುದು ಎನ್ನುವ ಮಸೂದೆ ಸಭೆಗೆ ಬಂದಿದೆಯೆಂದು ತಿಳಿದಾಗಿನಿಂದ ಅವಳಿಗೆ ಅದೊಂದೇ ಧ್ಯಾನ.

"ನಿಮ್ಮ ದೊಡ್ಡೋರು ಏನಂತಾರೋ?"

"ಹೋದ ಸಲ ಅಂದಿದ್ದನ್ನೇ ಅಂತಾರೆ ಅಕ್ಕಾ. ಅನ್ನೋರು ಮಾತ್ರ ಬೇರೆ."

ನಿಜವೇ. ಹಿಂದೆ ಇದೇ ಮಸೂದೆ ತಂದವರು ಈಗ ವಿರೋಧ ಪಕ್ಷದಲ್ಲಿ ಕೂತು ಎದೆ ಬಡಿದುಕೊಳ್ಳುತ್ತಿದ್ದರು. ಆಗ ಎದೆ ಬಡಿದುಕೊಂಡವರು ಈಗ ಅದನ್ನೇ ಮಂಡಿಸಿದ್ದರು. ಭಾಷಣಗಳನ್ನು ಅದಲುಬದಲು ಮಾಡಿಕೊಂಡವರು ನಡುವೆ ಕೆಮ್ಮುವ ಜಾಗವನ್ನೂ ಬದಲಿಸಿರಲಿಲ್ಲ.

ಒಬ್ಬರ ಮೇಲೆ ಬಾಗಿಲಣ್ಣನಿಗೆ ನಂಬಿಕೆಯಿತ್ತು: ವಿರೋಧ ಪಕ್ಷದ ಮೀಸೆ ಸಾಹೇಬರು. ಆ ಮೀಸೆ ಸಭೆಯೊಳಗೆ ಬಂದು ಕೂತು ಎಷ್ಟೋ ಹೊತ್ತಾದ ಮೇಲೆ ಸಾಹೇಬರು ಬರುತ್ತಿದ್ದರು. ತಾಯಿ ನರಳಿ ನರಳಿ ಹೋದದ್ದನ್ನು ಕಣ್ಣಾರೆ ಕಂಡವರು. "ನಿನ್ನ ಅಕ್ಕನಿಗೆ ಹೇಳಪ್ಪಾ, ನನ್ನ ಮತ ಅವರದ್ದೇ" ಎಂದು ಅವನ ಹೆಗಲು ತಟ್ಟಿದ್ದರು. ಸುದ್ದಿ ಕೇಳಿ ಅಕ್ಕ ಅವತ್ತು ಎರಡು ತುತ್ತು ಹೆಚ್ಚೇ ಉಂಡಿದ್ದಳು.

ಮತದಾನದ ದಿನ ಬೆಳಿಗ್ಗೆ ಸಾಹೇಬರ ಪಕ್ಷ ವಿಪ್ ಹೊರಡಿಸಿತು: ಮಸೂದೆ ಬೆಂಬಲಿಸಿದವರಿಗೆ ಮುಂದಿನ ಚುನಾವಣೆಗೆ ಟಿಕೆಟ್ ಇಲ್ಲ.

ಗಂಟೆ ಶುರುವಾಯಿತು. ಯಾವತ್ತೂ ನೊಣ ಹೊಡೆಯುತ್ತಿದ್ದ ಶೌಚಾಲಯದ ಮುಂದೆ ಅವತ್ತು ಕ್ಯೂ. ಆನೆಯೊಂದು ಕೆರೆ ಬತ್ತಿಸುವಷ್ಟು ಹೊತ್ತು ಕ್ಯಾಂಟೀನಿನಲ್ಲಿ ಎರಡೂ ಕಡೆಯ ಸದಸ್ಯರು ಒಂದೊಂದೇ ಲೋಟ ಕಾಫಿ ಹೀರುತ್ತ ಕೂತರು. ಮೀಸೆ ಸಾಹೇಬರು ಬಾಗಿಲ ಪಕ್ಕದಲ್ಲೇ ನಿಂತು ಫೋನಿನಲ್ಲಿ ಗಹನವಾಗಿ ಮಾತಾಡುತ್ತಿದ್ದರು. ಫೋನು ತಲೆಕೆಳಗಾಗಿತ್ತು.

ಗಂಟೆ ನಿಂತಿತು. ಬಾಗಿಲಣ್ಣ ಹುಟ್ಟಿದಾಗಿನಿಂದ ಮಾಡದ ತಪ್ಪು ಮಾಡಿದ. ಬಾಗಿಲನ್ನು ಒಂದು ಗೇಣು ತೆರೆದೇ ಹಿಡಿದ.

"ಬನ್ನಿ ಸಾಹೇಬ್ರೇ, ಬೇಗ. ಅಕ್ಕ ಕಾಯ್ತಿದ್ದಾಳೆ."

ಅವರು ಕಣ್ಣೆತ್ತಲಿಲ್ಲ. "ನಿಯಮ ಅಂದ್ರೆ ನಿಯಮ ಅಲ್ವೇನಪ್ಪಾ? ಹಾಕು."

"ಸಾಹೇಬ್ರೇ..."

"ಕೈ ಮುಗೀತೀನಿ, ಹಾಕಿಬಿಡೋ ಮಾರಾಯ."

ಒಳಗಿಂದ ಮಾರ್ಷಲ್ ಗದರಿದರು. ಬಾಗಿಲಣ್ಣ ಚಿಲಕ ಜಡಿದ. ಮಸೂದೆ ಬಿತ್ತು. ಹೊರಗುಳಿದವರೆಲ್ಲ ಒಳಗೆ ಬಂದು ಪರವಾಗಿ ಮತ ಹಾಕಿದ್ದರೆ ಗೆದ್ದುಬಿಡುತ್ತಿತ್ತು.

ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಒಳಗಿಂದ ಪ್ರಶ್ನೆ ಬಂತು. "ಮೀಸೆಯೋರು ಬಂದ್ರೇನೋ?"

"ಬಾಗಿಲವರೆಗೂ ಬಂದಿದ್ರು ಅಕ್ಕಾ."

"ಮತ್ತೆ ಬಾಗಿಲು?"

"ನಾನೇ ಹಾಕ್ದೆ."

ಅಕ್ಕನಿಗೆ ನಗು ಉಕ್ಕಿತು. ಆ ನಗುವೇ ಮೂಳೆಗೆ ತಾಗಿ ಚೀರಾಟವಾಯಿತು. ನೆರೆಮನೆಗೆ ಕೇಳಿಸದಿರಲೆಂದು ಅವನು ಕೋಣೆಯ ಬಾಗಿಲು ಮುಚ್ಚಲು ಎದ್ದ.

"ಬೇಡ್ವೋ" ಎಂದಳು, ಉಸಿರು ಸಿಕ್ಕಾಗ. "ಇವತ್ತು ಹಾಕಿದ್ದು ಸಾಲದೇನೋ? ಕೇಳಿಸ್ಕೊಳ್ಲಿ ಬಿಡು."

ಮತ್ತೆ ಚೀರಿದಳು. ಬಾಗಿಲಣ್ಣ ಬಾಗಿಲ ಹಿಡಿ ಹಿಡಿದೇ ನಿಂತಿದ್ದ, ಹಾಕಲೂ ಆಗದೆ, ಬಿಡಲೂ ಆಗದೆ.