ಅಕ್ಕನ ಓಣಿಗೆಂದು ಉಳಿಸಿದ ಹಾರ್ನ್

ಮೋಟರ್‌ಸೈಕಲ್ಲಿನ ಹ್ಯಾಂಡಲಿನ ಮೇಲಿದ್ದ ಸ್ವಿಚ್ ಒಡೆದದ್ದು ಒಂದು ಶನಿವಾರ. ದೀಪ ಏರಿಸಿ ಇಳಿಸುವ ಕಡ್ಡಿ, ಹಾರ್ನಿನ ಗುಂಡಿ, ಎರಡೂ ಒಂದೇ ಡಬ್ಬಿಯಲ್ಲಿದ್ದವು. ಮರುದಿನ ಅಕ್ಕಲಕೋಟಕ್ಕೆ ಹೋಗಬೇಕು. ದೀಪವಿಲ್ಲದೆ ನಡೆದೀತು; ಹಾರ್ನ್ ಇಲ್ಲದೆ ಹೋದರೆ ಹೋದದ್ದೇ ದಂಡ.

ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಅಪ್ಪ ಕೊಂಡ ಗಾಡಿ ಅದು. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ನನಗೆ ಉಳಿದದ್ದು ಅದೊಂದು, ಅಕ್ಕಲಕೋಟದಲ್ಲಿದ್ದ ಅಕ್ಕ ಒಬ್ಬಳು. ಸೊಲ್ಲಾಪುರದ ಚಾಳಿನ ಕೋಣೆಯಲ್ಲಿ ನಾನು ಕಾನೂನು ಓದುತ್ತ, ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆಲ್ಲುತ್ತ ಇದ್ದೆ. ಆ ಕಪ್‌ಗಳನ್ನು ನೋಡುವವರು ಯಾರೂ ಇರಲಿಲ್ಲ.

ಭಾವನ ಪಡಸಾಲೆಯಲ್ಲೂ ಒಮ್ಮೆ ಗೆದ್ದಿದ್ದೆ. ಗುಡಿಯಿಂದ ತಂದ ಬೂದಿ, ಅಂಗಾರ, ಹಣೆಗೆ ಹಚ್ಚಿದ್ದಕ್ಕೆ ತಮ್ಮ ಮಗುವಿನ ಜ್ವರ ಇಳಿಯಿತೆಂದು ಅವರು ನೆಂಟರೆದುರು ಹೇಳಿದರು. ಡಾಕ್ಟರರ ಔಷಧ ಎಷ್ಟು ದಿನ ಕೊಟ್ಟಿರಿ ಎಂದು ಕೇಳಿದೆ. ಅಂಗಾರ ಯಾವತ್ತು ಹಚ್ಚಿದಿರಿ ಎಂದೂ ಕೇಳಿದೆ. ನೆಂಟರು ನಕ್ಕರು, ಭಾವ ಸುಮ್ಮನಾದರು. ಸುಮ್ಮನಾದದ್ದು ನನಗೆ ಸಾಲಲಿಲ್ಲ. "ಉತ್ತರ ಕೊಡೂತನಕ ನಿಮ್ಮ ಮೆಟ್ಟಲ ಹತ್ತಂಗಿಲ್ಲ" ಅಂದುಬಿಟ್ಟೆ.

ಅಂದಿನಿಂದ ಪ್ರತಿ ಭಾನುವಾರ ಓಣಿಯ ತಿರುವಿನಲ್ಲಿ ನಿಂತು ಎರಡು ಸಲ ಹಾರ್ನ್ ಒತ್ತುತ್ತಿದ್ದೆ. ಅಪ್ಪನ ಗಾಡಿಯ ದನಿ ಅಕ್ಕನಿಗೆ ಗೊತ್ತು. ಸೆರಗಿನಡಿ ಬುತ್ತಿ ಹಿಡಿದು ಬರುತ್ತಿದ್ದಳು. ಹತ್ತು ನಿಮಿಷ. ವಾರದಲ್ಲಿ ನನ್ನನ್ನು ಯಾರಾದರೂ ಊಟದ ಬಗ್ಗೆ ಕೇಳಿದ್ದರೆ ಅದು ಆ ಹತ್ತು ನಿಮಿಷದಲ್ಲೇ.

ಆ ಶನಿವಾರ ಗುಜರಿಯಲ್ಲಿ ಸಿಕ್ಕ ಸ್ವಿಚ್ ತಂದು, ಹಳೆಯದರ ನಾಲ್ಕೂ ತಂತಿಗಳನ್ನು ಒಂದೇ ಸಲಕ್ಕೆ ಕತ್ತರಿಸಿದೆ. ಪಕ್ಕದ ಮನೆಯ ನೇಕಾರ ಮಗ್ಗ ಬಿಟ್ಟು ಹೊರಗೆ ಬಂದ.

"ಏನ್ ಮಾಡಿದ್ರಿ ವಕೀಲಸಾಹೇಬ್ರ! ನಾವು ಮಗ್ಗಕ್ಕ ಹೊಸ ಹಾಸಿನ ನೂಲು ಕೂಡಸೂವಾಗ ಒಂದ್ ಎಳಿ ಕಡೀತೀವಿ, ಅದಕ್ಕ ಗಂಟ್ ಹಾಕೇ ಮುಂದಿನ ಎಳಿ ಮುಟ್ಟತೀವಿ. ಈಗ ಯಾವದ ಯಾವದಕ್ಕ?"

ಎಣ್ಣೆ ಕುಡಿದು ನಾಲ್ಕೂ ತಂತಿ ಬಣ್ಣ ತಿಳಿಯದಂತೆ ಕರ್ರಗಾಗಿದ್ದವು. "ವಿಚಾರ ಮಾಡಿದ್ರ ತಿಳೀತದ" ಅಂದೆ. ವಿಚಾರ ಮಾಡಿಯೇ ಜೋಡಿಸಿದೆ. ದೀಪ ಹತ್ತಿತು.

"ಹಾರ್ನೂ ಒಮ್ಮಿ ಒತ್ತಿ ನೋಡ್ರಿ."

"ದೀಪ ಹತ್ತಿತಲ್ಲ, ಅದೂ ಹತ್ತತದ."

ಬ್ಯಾಟರಿ ಮುದಿಯಾಗಿತ್ತು. ಹಾರ್ನನ್ನು ಬೇರೆಲ್ಲೂ ಒತ್ತದೆ ಅಕ್ಕನ ಓಣಿಗೆಂದು ಉಳಿಸುವುದು ನನ್ನ ಪದ್ಧತಿ. ಮರುದಿನ ದಾರಿಯಲ್ಲಿ ಎತ್ತಿನ ಗಾಡಿಗಳು ಅಡ್ಡ ಬಂದರೆ ಬಾಯಿಂದಲೇ ಕೂಗಿದೆ.

ತಿರುವಿನಲ್ಲಿ ನಿಂತು ಗುಂಡಿ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಬೇವಿನ ನೆರಳಿಗೆ ಗಾಡಿ ತಳ್ಳಿ, ತಂತಿಗಳನ್ನು ಬಿಚ್ಚಿ ಹಾಗೆ ಸೇರಿಸಿದೆ, ಹೀಗೆ ಸೇರಿಸಿದೆ. ಬಿಸಿಲು ಇಳಿಯಿತು. ಮೂವತ್ತು ಹೆಜ್ಜೆ ದೂರದಲ್ಲಿ ಅಕ್ಕನ ಬಾಗಿಲು. ತುಂಬಿದ ಸಭೆಗಳಲ್ಲಿ ತಡವರಿಸದ ನನಗೆ "ಅಕ್ಕಾ" ಅಂತ ಒಂದು ಕೂಗು ಹಾಕಲಾಗಲಿಲ್ಲ. ಒಂದು ಜ್ವರ ಇಳಿದದ್ದಕ್ಕೆ ಅಂಗಾರವನ್ನು ನಂಬಿದವರನ್ನು ನಗೆಗೀಡು ಮಾಡಿದ್ದೆ. ಒಂದು ದೀಪ ಹತ್ತಿದ್ದಕ್ಕೆ ನಾನು ಹಾರ್ನನ್ನು ನಂಬಿ ಬಂದಿದ್ದೆ.

ಬಾಗಿಲು ತೆರೆಯಿತು. ಬಂದದ್ದು ಭಾವ.

"ಯಾಕೋ ತಮ್ಮಾ, ಗಾಡಿ ಮೂಕ ಆತೇನು? ಎರಡ್ ತಾಸ ಆತು, ದಾರಿ ಕಾಯಾಕತ್ತೀನಿ."

"ನಿಮಗ ಗೊತ್ತಿತ್ತೇನು?"

"ಓಣಿಗೆಲ್ಲಾ ಕೇಳೂದು ನನಗ ಕೇಳಂಗಿಲ್ಲೇನು? ನಂಬಿಕಿ ಇದ್ದವರಿಗೂ ಕಿವಿ ಇರ್ತಾವಪಾ. ನೀ ಹಾರ್ನ್ ಹೊಡದ್ರ ನಾ ಹಿತ್ತಲಕ್ಕ ಹೋಗ್ತೀನಿ. ನನ್ನ ಮುಂದ ಆಕಿ ಹೊರಗ ಹೆಂಗ ಬರ್ತಾಳ? ಬಾ, ಮ್ಯಾಲ ಬಾ."

"ಮಾತ ಕೊಟ್ಟೀನಿ."

"ಯಾರಿಗೆ?"

ನಾನು ಮತ್ತೆ ತಂತಿಗಳಿಗೆ ಕೈ ಹಾಕಿದೆ. ಅವರು ಅಕ್ಕನನ್ನು ಕಳಿಸಲು ಒಳಗೆ ಹೋದರು. ನೀನು ಬರಲಿಲ್ಲವೆಂದು ಬುತ್ತಿ ಬಿಚ್ಚಿಬಿಟ್ಟಿದ್ದೆ ಎನ್ನುತ್ತ ಅಕ್ಕ ಬಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

ಸೊಲ್ಲಾಪುರಕ್ಕೆ ಬಂದ ಮೇಲೆ ನೇಕಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಂತಿಗಳನ್ನು ಒಂದೊಂದಾಗಿ ಜೋಡಿಸಿದೆ. ಪ್ರತಿಯೊಂದನ್ನೂ ಒತ್ತಿ ನೋಡಿದೆ.

ಮುಂದಿನ ಭಾನುವಾರ ತಿರುವಿನಲ್ಲಿ ಎರಡು ಸಲ ಹಾರ್ನ್ ಒತ್ತಿ, ಎಂಜಿನ್ ಆರಿಸಿ ಕಿವಿಗೊಟ್ಟೆ. ಮೊದಲು ಹಿತ್ತಲ ಬಾಗಿಲು ಕಿರ್ರೆಂದಿತು. ಆಮೇಲೆ ಅಕ್ಕ ಬಂದಳು.